ಅರವತ್ತರ ಗೆರೆ

2025ರ ಜನವರಿ 1ರಂದು, ವಚನಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳೆಲ್ಲ ಎಲ್ಲರ ಸೊತ್ತಾದವು. ವಚನಗಳ ಮೇಲೆ ಯಾರ ಹಕ್ಕೂ ಎಂದೂ ಇರಲಿಲ್ಲ, ಬಸವಕಲ್ಯಾಣದ ಅನುಭವ ಮಂಟಪದ ಮಾತು ಎಲ್ಲರದು. ಆದರೆ 1923ರ 'ವಚನಶಾಸ್ತ್ರ ಸಾರ'ದಲ್ಲಿ ಹಳಕಟ್ಟಿಯವರು ಮಾಡಿದ ಆಯ್ಕೆ, ಜೋಡಣೆ, ವಿವರಣೆಗಳಿಗೆ ಕೃತಿಸ್ವಾಮ್ಯವಿತ್ತು. ಅವರು ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾಯ್ದೆಯ ಅವಧಿ ಲೇಖಕರ ಮರಣಾನಂತರ 60 ವರ್ಷ. ಬೀದರಿನಿಂದ ಔರಾದ ದಾರಿ ಹಿಡಿದರೆ ಸಿಗುವ ಜನವಾಡದ ಮಾಸ್ತರರೊಬ್ಬರು ಆ ಪುಸ್ತಕವನ್ನು ಟೈಪಿಸಿ ಊರಿಗೆಲ್ಲ ಹಂಚಬೇಕೆಂದರೂ ಈಗ ಯಾರನ್ನೂ ಕೇಳಬೇಕಿಲ್ಲ.

ಅವಧಿ 50 ವರ್ಷವಾಗಿದ್ದರೆ ಈ ದಿನ 2015ಕ್ಕೇ ಬರುತ್ತಿತ್ತು. 70 ಆಗಿದ್ದರೆ 2035ರವರೆಗೆ ಕಾಯಬೇಕಿತ್ತು. ಈ ಹತ್ತು ವರ್ಷಗಳ ಗೆರೆಯನ್ನು ಎಳೆಯುವವರು ಯಾರು? ಒಂದು ಶತಮಾನದ ಚರಿತ್ರೆ ನೋಡಿದರೆ ಉತ್ತರ ಮೆಲ್ಲಗೆ ಬದಲಾಗುತ್ತ ಬಂದಿರುವುದು ಕಾಣುತ್ತದೆ. ಗೆರೆ ಎಳೆಯುವ ಕೈ ಶಾಸನಸಭೆಯಿಂದ ವ್ಯಾಪಾರದ ಮೇಜಿನತ್ತ ಸರಿದಿದೆ.

ಮೊದಲ ಒತ್ತಡ ಬ್ರಿಟಿಷರದು. 1886ರ ಬರ್ನ್ ಕೃತಿಸ್ವಾಮ್ಯ ಒಡಂಬಡಿಕೆಗೆ ಭಾರತವನ್ನು ಸೇರಿಸಿದ್ದು ಲಂಡನ್. 1914ರ ಭಾರತೀಯ ಕಾಯ್ದೆ ಬ್ರಿಟನ್ನಿನ 1911ರ ಕಾಯ್ದೆಯ ಪಡಿಯಚ್ಚು. ಆದರೂ ಅದರೊಳಗೊಂದು ನಮ್ಮ ಕಿಟಕಿ ಇತ್ತು. ಇಲ್ಲಿ ಮೊದಲು ಪ್ರಕಟವಾದ ಕೃತಿಯ ಅನುವಾದದ ಹಕ್ಕು, ಲೇಖಕರು ತಾವೇ ಅನುವಾದ ತಾರದಿದ್ದರೆ, ಹತ್ತು ವರ್ಷಕ್ಕೆ ಮುಗಿಯುತ್ತಿತ್ತು. ಹಲವು ಭಾಷೆಗಳ ದೇಶಕ್ಕೆ ಅದು ಹೊಂದುವ ನಿಯಮ.

ಸ್ವಾತಂತ್ರ್ಯದ ನಂತರ ಸಂಸತ್ತು ತನ್ನ ಬುದ್ಧಿಯಿಂದ ಯೋಚಿಸಲು ನೋಡಿತು. 1955ರ ಮಸೂದೆ ಅವಧಿಯನ್ನು ಮರಣಾನಂತರ 25 ವರ್ಷಕ್ಕೆ ಇಳಿಸಲು ಹೊರಟಿತ್ತು. ಜಂಟಿ ಸಮಿತಿ ಅದನ್ನು 50ಕ್ಕೇ ನಿಲ್ಲಿಸಿ, 1957ರ ಕಾಯ್ದೆ ಬಂತು. 1967ರಲ್ಲಿ ಬರ್ನ್ ಒಡಂಬಡಿಕೆಯ ಪರಿಷ್ಕರಣೆಗೆ ಸ್ಟಾಕ್‌ಹೋಮಿನಲ್ಲಿ ಸೇರಿದಾಗ ಭಾರತ ಮತ್ತು ಇತರ ಬಡ ದೇಶಗಳು ಶಿಕ್ಷಣ, ಅನುವಾದಗಳಿಗೆ ರಿಯಾಯಿತಿ ಬೇಕೆಂದು ಪಟ್ಟು ಹಿಡಿದವು. ಪ್ರಕಾಶನದ ದೊಡ್ಡ ದೇಶಗಳು ಒಪ್ಪಲಿಲ್ಲ. 1971ರಲ್ಲಿ ಪ್ಯಾರಿಸಿನಲ್ಲಿ ತೆಳುವಾದ ರಾಜಿಯಾಯಿತು. 1983ರ ತಿದ್ದುಪಡಿ ಅದನ್ನು ನಮ್ಮ ಕಾಯ್ದೆಗೆ ತಂದಿತು.

50 ಇದ್ದದ್ದು 60 ಆದದ್ದಕ್ಕೆ ಹೊರಗಿನವರು ಕಾರಣರಲ್ಲ. 1991ರ ಕೊನೆಗೆ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯಲಿತ್ತು. ಅದನ್ನು ಉಳಿಸಿಕೊಳ್ಳಲು ಸುಗ್ರೀವಾಜ್ಞೆ ಬಂತು, ಮರುವರ್ಷ ಅದು ಕಾಯ್ದೆಯಾಯಿತು. ಒಬ್ಬ ಕವಿಗಾಗಿ ಎಳೆದ ಗೆರೆ ದೇಶದ ಎಲ್ಲ ಲೇಖಕರಿಗೂ ಅನ್ವಯಿಸಿತು.

ಅದೇ ಹೊತ್ತಿಗೆ ದೊಡ್ಡ ಪಲ್ಲಟ ನಡೆದಿತ್ತು. ಅಮೆರಿಕ ತನ್ನ 1988ರ ವ್ಯಾಪಾರ ಕಾಯ್ದೆಯಲ್ಲಿ 'ಸ್ಪೆಷಲ್ 301' ಎಂಬ ವಿಧಿ ತಂದು, ಬೌದ್ಧಿಕ ಆಸ್ತಿಯನ್ನು ಸರಿಯಾಗಿ ಕಾಯುತ್ತಿಲ್ಲವೆಂದು ತನಗೆ ತೋರಿದ ದೇಶಗಳ ಪಟ್ಟಿ ಮಾಡತೊಡಗಿತು. 1991ರಲ್ಲಿ ಚೀನಾ, ಥಾಯ್ಲೆಂಡ್‌ಗಳ ಜೊತೆ ಭಾರತವನ್ನು ಅದರ ತುದಿಗೇರಿಸಿತು. 1994ರ ಏಪ್ರಿಲ್‌ನಲ್ಲಿ ಮರಕೇಶದಲ್ಲಿ ಬೌದ್ಧಿಕ ಆಸ್ತಿಯನ್ನು ವ್ಯಾಪಾರಕ್ಕೆ ಬೆಸೆದ ಟ್ರಿಪ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಅದು ಜಾರಿಗೆ ಬಂದ ಮೇಲೆ ಕೃತಿಸ್ವಾಮ್ಯದ ಕನಿಷ್ಠ ಮಿತಿ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ. ತಪ್ಪಿದರೆ ದಂಡ ಪುಸ್ತಕದ ಮೇಲಷ್ಟೇ ಅಲ್ಲ, ಬೇರೆ ಸರಕಿನ ಮೇಲೂ ಬೀಳಬಹುದು. ಪರಿಣಾಮ ಬೇಗ ಕಂಡಿತು: ಹಾಡುಗಾರರು, ನಟರಿಗೆ 1994ರಲ್ಲಿ ನಾವೇ ಕೊಟ್ಟ 25 ವರ್ಷದ ಪ್ರದರ್ಶನ ಹಕ್ಕನ್ನು 1999ರಲ್ಲಿ 50ಕ್ಕೆ ಏರಿಸಬೇಕಾಯಿತು.

ಟ್ರಿಪ್ಸ್‌ನಿಂದ ನಮಗೇನೂ ಸಿಗಲಿಲ್ಲ ಎಂದರೆ ತಪ್ಪಾದೀತು. ಬೀದರ ಕೋಟೆಯ ಮಣ್ಣಿನಲ್ಲಿ ಕಪ್ಪು ಬಣ್ಣ ಪಡೆಯುವ ಬಿದರಿ ಕಲೆಗೆ ಇರುವ ಭೌಗೋಳಿಕ ಸೂಚಿಕೆಯ ರಕ್ಷಣೆ ಬಂದದ್ದು ಅದೇ ಒಪ್ಪಂದದ ಬೆನ್ನಿಗೆ ಹುಟ್ಟಿದ 1999ರ ಕಾಯ್ದೆಯಿಂದ. ಕಸುಬಿಗೆ ಕಾವಲು ಬೇಕು, ಹೌದು. ಅಕ್ಷರಕ್ಕೆ ಬೇಕಾದ್ದು ಕಾವಲಿನ ಜೊತೆಗೆ ಬಿಡುಗಡೆಯೂ.

ಟ್ರಿಪ್ಸ್ ಕೇಳುವುದು ಮರಣಾನಂತರ 50 ವರ್ಷ ಮಾತ್ರ. ಆಮೇಲಿನ ಒತ್ತಡವೆಲ್ಲ ದೇಶ-ದೇಶಗಳ ನಡುವಿನ ಒಪ್ಪಂದಗಳದ್ದು. ಅಮೆರಿಕದೊಂದಿಗೆ 2004ರಲ್ಲಿ ಸಹಿ ಮಾಡಿದ ಆಸ್ಟ್ರೇಲಿಯ 2005ರಲ್ಲಿ 70ಕ್ಕೆ ಏರಿತು. ಜಪಾನ್ 2018ರ ಕೊನೆಗೆ, ಕೆನಡಾ 2022ರ ಕೊನೆಗೆ ಏರಿದವು. ಐರೋಪ್ಯ ಒಕ್ಕೂಟಕ್ಕೆ ನ್ಯೂಜಿಲೆಂಡೂ ಮಾತು ಕೊಟ್ಟಾಗಿದೆ. ಜಪಾನಿನಲ್ಲಿ 2021ಕ್ಕೆ ಎಲ್ಲರ ಕೈಗೆ ಬರಬೇಕಿದ್ದ ಮಿಶಿಮಾನ ಕಾದಂಬರಿಗಳು ಈಗ 2041ಕ್ಕೆ ಹೋಗಿವೆ.

ಭಾರತ ಈವರೆಗೆ ಬಾಗಿಲ್ಲ, ಬುದ್ಧಿಯಿಂದ ನಿಂತಿದೆ. 2012ರ ತಿದ್ದುಪಡಿ ಡಿಜಿಟಲ್ ಬೀಗ ಮುರಿಯುವುದನ್ನು ಅಪರಾಧವೆಂದಿತು, ಆದರೆ ಹಕ್ಕು ಕದಿಯುವ ಉದ್ದೇಶವಿದ್ದರೆ ಮಾತ್ರ. 2014ರಲ್ಲಿ ಅಂಧರಿಗೆ ಪುಸ್ತಕ ತಲುಪಿಸುವ ಮರಕೇಶ ಒಡಂಬಡಿಕೆಯನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ್ದು ನಾವೇ. 2016ರಲ್ಲಿ ದೆಹಲಿ ಹೈಕೋರ್ಟ್ ಪಾಠಕ್ಕೆ ಬೇಕಾದ ಜೆರಾಕ್ಸ್ ಕಟ್ಟುಗಳು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂಬ ನಿಲುವು ತಳೆಯಿತು. ಅತ್ತ ಅಮೆರಿಕದ ಪಟ್ಟಿಯಲ್ಲಿ ಭಾರತದ ಹೆಸರು ವರ್ಷವರ್ಷವೂ ಬರುತ್ತಿದೆ. ಐರೋಪ್ಯ ಒಕ್ಕೂಟ 2022ರಲ್ಲಿ ಭಾರತದ ಜೊತೆ ವ್ಯಾಪಾರ ಮಾತುಕತೆಯನ್ನು ಮತ್ತೆ ಆರಂಭಿಸಿತು. ಬ್ರಿಟನ್ನಿನ ಜೊತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದದಲ್ಲಿ ಬೌದ್ಧಿಕ ಆಸ್ತಿಗೇ ಒಂದು ಅಧ್ಯಾಯವಿದೆ.

ಇದರಲ್ಲಿ ಬೀದರ ಜಿಲ್ಲೆಗೇನು? ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ನೆಲ ಇದು. ಪುಸ್ತಕ ಕೈಗೆ ಬಾರದಿದ್ದರೆ ಭಾಷೆಗೆ ಏನಾಗುತ್ತದೆಂದು ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ. ಮಾರುಕಟ್ಟೆ ಸಣ್ಣದಾದ ಭಾಷೆಯಲ್ಲಿ ಹಳೆಯ ಪುಸ್ತಕ ಮರುಮುದ್ರಣವಾಗುವುದೇ ಅಪರೂಪ. ಹಕ್ಕಿನ ಗೆರೆ ದಾಟಿದ ಮೇಲೆ ಅದನ್ನು ಆಸ್ಥೆಯುಳ್ಳ ಯಾರಾದರೂ ಉಳಿಸಿಕೊಳ್ಳಬಹುದು. 2023ರಲ್ಲಿ ದೇವುಡು, 2024ರಲ್ಲಿ ಮಂಜೇಶ್ವರದ ಗೋವಿಂದ ಪೈ, 2025ರಲ್ಲಿ ಹಳಕಟ್ಟಿ ಹೀಗೆ ನಮಗೆ ದಕ್ಕಿದರು.

ಬದುಕಿರುವ ಲೇಖಕರಿಗೆ ಸಲ್ಲಬೇಕಾದ ಗೌರವಧನ ಸಲ್ಲಲೇಬೇಕು. ಆದರೆ ಸತ್ತು ಅರವತ್ತು ವರ್ಷವಾದ ಮೇಲಿನ ಹತ್ತು ವರ್ಷ ಅವರಿಂದ ಒಂದು ಸಾಲನ್ನೂ ಬರೆಸದು. ಸುಂಕದ ಲೆಕ್ಕಾಚಾರದ ಮಧ್ಯೆ ಆ ಹತ್ತು ವರ್ಷವನ್ನು ಬಿಟ್ಟುಕೊಡುವ ಮುನ್ನ ಸಂಸತ್ತಿನಲ್ಲಿ ಬಹಿರಂಗ ಚರ್ಚೆಯಾಗಲಿ, ಕನ್ನಡದ ಓದುಗರನ್ನೂ ಕೇಳಲಿ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಗೆರೆ ಅಲುಗದಿದ್ದರೆ 2036ರ ಜನವರಿ 1ರಂದು ಅವರ 'ಮಂಕುತಿಮ್ಮನ ಕಗ್ಗ' ಜನವಾಡದ ಮಕ್ಕಳದಾಗುತ್ತದೆ. ಅಲುಗಿದರೆ ಆ ದಿನ 2046ಕ್ಕೆ ಹೋಗುತ್ತದೆ, ಅಷ್ಟರಲ್ಲಿ ಇಂದು ಅಲ್ಲಿ ಒಂದನೇ ಇಯತ್ತೆಯಲ್ಲಿರುವವರ ಮಕ್ಕಳು ಶಾಲೆಗೆ ಹೊರಟಿರಬಹುದು.