ಸಂಘದ ಅಲ್ಯೂಮಿನಿಯಂ ದೋಣಿ: ಸೋರಿದ್ದು, ಹುಡುಕಿದ್ದು, ಮುಚ್ಚಿದ್ದು

ನಮ್ಮ ಸಂಘವು ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. 1905ರ ಕಣಗಿನಹಾಳದ ಸಂಘದ ಚರಿತ್ರೆಯನ್ನು ಅಧ್ಯಕ್ಷರು ಬರೆಯುತ್ತಿದ್ದಾರೆ, ಲೆಕ್ಕಪತ್ರದ ಚರಿತ್ರೆಯನ್ನು ಕಾರ್ಯದರ್ಶಿಗಳು ಬರೆಯುತ್ತಿದ್ದಾರೆ. ನಮ್ಮ ಪಾಲಿಗೆ ಉಳಿದದ್ದು ದೋಣಿ. ದೋಣಿಗೆಂಥಾ ಚರಿತ್ರೆ ಅಂತ ಕೆಲವರು ನಕ್ಕರು. ಹಿನ್ನೀರಿನ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ದೋಣಿಯ ಚರಿತ್ರೆ ಬಿಟ್ಟು ಬೇರೆ ಚರಿತ್ರೆ ಎಲ್ಲಿದೆ?

ಶರಾವತಿಗೆ ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಮುಗಿದು, ಹಿರೇಭಾಸ್ಕರವೇ ನೀರಿನಡಿ ಸೇರಿತು. ಪೂರ್ಣ ಮಟ್ಟ 1819 ಅಡಿ ಎಂಬ ಅಂಕೆ ನಮ್ಮ ಕಡೆ ಶಾಲೆಗೆ ಹೋಗದವರಿಗೂ ಬಾಯಿಪಾಠ. ಗದ್ದೆ, ತೋಟ, ದೇವಸ್ಥಾನ ಮುಳುಗಿದ ವಿಚಾರವನ್ನು ಬಹಳ ಜನ ಬರೆದಿದ್ದಾರೆ. ಮುಳುಗಿದ ಕಾಡಿನ ಬೊಡ್ಡೆಗಳ ವಿಚಾರ ಬರೆದವರು ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಒಂದೊಂದಾಗಿ ತಲೆ ಎತ್ತುತ್ತವೆ. ದೋಣಿಯ ತಳಕ್ಕೆ ಅವೇ ಯಮ.

ಹಿಂದೆ ನಮ್ಮ ಹಿರಿಯರ ಕಾಲಕ್ಕೆ ಇದ್ದದ್ದು ಮರದ ದೋಣಿ. ಹಲಗೆಯ ಸಂದಿಗೆ ಹತ್ತಿಯನ್ನೋ ನಾರನ್ನೋ ತುರುಕಿ, ಧೂಪದ ಮರದ ಅಂಟನ್ನು ಎಣ್ಣೆಯಲ್ಲಿ ಕಾಯಿಸಿ ಬಳಿಯುತ್ತಿದ್ದರು. ಮರದ ದೋಣಿಗೆ ಒಂದು ಒಳ್ಳೆಯ ಗುಣ ಉಂಟು. ಬಿಸಿಲಿಗೆ ಬಿರಿದಿದ್ದರೂ ಎರಡು ದಿನ ನೀರಲ್ಲಿ ಮುಳುಗಿಸಿಟ್ಟರೆ ಹಲಗೆ ನೀರು ಕುಡಿದು ಊದಿ ಸಂದಿಯನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಹರಿಗೋಲು. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಚರ್ಮ ಹರಿದರೆ ಹೊಲಿದರಾಯ್ತು. ಆದರೆ ಲೋಹದ ದೋಣಿ ಊದುವುದೂ ಇಲ್ಲ, ಹೊಲಿಸಿಕೊಳ್ಳುವುದೂ ಇಲ್ಲ.

ಈ ಅಲ್ಯೂಮಿನಿಯಂ ಎಂಬುದು ಈಗ ನಮ್ಮ ಅಡಿಗೆಮನೆಯ ಬಡ ಪಾತ್ರೆ. ಒಂದು ಕಾಲಕ್ಕೆ ಅದು ಬೆಳ್ಳಿಗೆ ಸಮನಾದ ಲೋಹವಾಗಿತ್ತು ಎಂದರೆ ನಂಬಲಿಕ್ಕೇ ಆಗದು. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂ ಕಳಸ ಇಟ್ಟರು. ಎರಡೇ ವರ್ಷ ಕಳೆದು, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ಎಂಬ ಇಬ್ಬರು ಎಳೆಯರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ವಿದ್ಯುತ್ತಿನಿಂದ ಈ ಲೋಹ ತೆಗೆಯುವ ಒಂದೇ ವಿಧಾನ ಕಂಡುಹಿಡಿದರು. ಬೆಲೆ ನೆಲಕ್ಕಿಳಿಯಿತು. ನಮ್ಮ ದೇಶದಲ್ಲಿ 1943ರಲ್ಲಿ ಕೇರಳದ ಅಲುಪುರದಲ್ಲಿ ಇದನ್ನು ಕರಗಿಸಿ ತೆಗೆಯಲು ಶುರು ಮಾಡಿದರು. ಬೆಳಗಾವಿಯ ಕಾರ್ಖಾನೆ ಆಮೇಲಿನದು.

ಹಗುರ ಲೋಹ ಸಿಕ್ಕಿದ ಮೇಲೆ ದೋಣಿಯವರು ಸುಮ್ಮನಿರುತ್ತಾರೆಯೇ? 1895ರಲ್ಲಿ ಅಮೆರಿಕದ ಹೆರೆಶಾಫ್ ಎಂಬ ಹೆಸರಾಂತ ದೋಣಿ ಕಟ್ಟುವವನು ಡಿಫೆಂಡರ್ ಎಂಬ ಹಾಯಿಹಡಗು ಕಟ್ಟಿದ. ನೀರಿನ ಕೆಳಗೆ ಕಂಚು, ಮೇಲೆ ಅಲ್ಯೂಮಿನಿಯಂ. ಪಂದ್ಯದಲ್ಲಿ ಅದು ಗೆದ್ದಿತು. ಆದರೆ ಎರಡು ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ನಿಂತವು. ಹಾಗೆ ನಿಂತಾಗ ಅದೊಂದು ಬ್ಯಾಟರಿಯೇ ಸರಿ. ಟಾರ್ಚಿನ ಸೆಲ್ಲಿನ ಸತುವಿನ ಕೋಶ ಕರಗಿ ಸೋರುವ ಹಾಗೆ ಅಲ್ಯೂಮಿನಿಯಂ ಕರಗುತ್ತಾ ಹೋಯ್ತು. 1901ರಲ್ಲಿ ಹಡಗನ್ನು ಬಿಚ್ಚಿ ಗುಜರಿಗೆ ಹಾಕಿದರು. ಈ ಡಿಫೆಂಡರಿನ ಕಥೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಜನಸಾಮಾನ್ಯರ ಕೈಗೆ ಇಂಥ ದೋಣಿ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಗ್ರಮ್ಮನ್ ಎಂಬುದು ಯುದ್ಧವಿಮಾನ ಮಾಡುತ್ತಿದ್ದ ಅಮೆರಿಕದ ಕಂಪನಿ. ಅದರ ಅಧಿಕಾರಿ ಹಾಫ್‌ಮನ್ 1944ರಲ್ಲಿ ರಜೆಗೆ ಹೋದವನು ಕ್ಯಾನ್ವಾಸು ಹೊದಿಸಿದ ಭಾರದ ಮರದ ದೋಣಿ ಹೊತ್ತು ಸುಸ್ತಾಗಿ, ವಿಮಾನದ ತಗಡಿನಲ್ಲೇ ಯಾಕೆ ದೋಣಿ ಮಾಡಬಾರದು ಅಂತ ಯೋಚಿಸಿದನಂತೆ. 1945ರಲ್ಲಿ ದೋಣಿ ತಯಾರಾಯ್ತು. ತಗಡು ವಿಮಾನದ್ದು, ರಿವೆಟ್ ಹೊಡೆಯುವ ವಿದ್ಯೆಯೂ ವಿಮಾನದ್ದೇ. ಆ ಬಗೆಯ ರಿವೆಟ್ ದೋಣಿಗಳು ಅಲ್ಲಿನ ಕೆರೆಗಳಲ್ಲಿ ಮೀನು ಹಿಡಿಯುವವರಿಗೆ ಬಹಳ ಮೆಚ್ಚುಗೆಯಾದವು. ತುಕ್ಕಿಲ್ಲ, ಗೆದ್ದಲಿಲ್ಲ, ಇಬ್ಬರು ಎತ್ತಬಹುದು. ತಾಪತ್ರಯ ಒಂದೇ: ಹಳತಾದ ಹಾಗೆ ರಿವೆಟ್ ಸಡಿಲವಾಗಿ ಸೋರುತ್ತವೆ. ಮೆಗ್ನೀಸಿಯಂ ಬೆರೆಸಿದ ತಗಡನ್ನು ವೆಲ್ಡ್ ಮಾಡಿ ದೋಣಿ ಕಟ್ಟುವ ಪದ್ಧತಿ ಆಮೇಲೆ ಹಬ್ಬಿತು.

ಇನ್ನು ನಮ್ಮ ದೋಣಿ. 2004ರಲ್ಲಿ ಕರಾವಳಿಯ ಕಡೆ ಒಂದು ಹರಾಜಿನಲ್ಲಿ ಸಂಘ ಇದನ್ನು ಕೊಂಡಿತು. ಹನ್ನೆರಡಡಿ ಉದ್ದ, ರಿವೆಟ್ ಹೊಡೆದದ್ದು. ಎಲ್ಲಿ ತಯಾರಾದದ್ದು ಎಂಬ ಫಲಕ ಇರಲಿಲ್ಲ. ಬೆಳಗಿನ ಜಾವ ಬಲೆ ಹಾಕುವ ಸದಸ್ಯರಿಗೆ, ಹಗಲು ಆಚೆ ದಡದ ಸದಸ್ಯರಿಗೆ ಗೊಬ್ಬರ, ಸುಣ್ಣ, ಮೈಲುತುತ್ತ ಸಾಗಿಸಲಿಕ್ಕೆ, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರಿಗೆ. ಲಾಂಚಿನ ಹೊತ್ತು ಮುಗಿದ ಮೇಲೆ ಆಚೆ ದಡದವರಿಗೆ ಇದೇ ಗತಿ.

2012ರ ಮಳೆಗಾಲದ ಒಂದು ಸಂಜೆ ನಾಲ್ವರನ್ನು ಕೂರಿಸಿಕೊಂಡು ಬರುವಾಗ ನಡುನೀರಿನಲ್ಲಿ ಕಾಲಡಿ ನೀರು ಏರತೊಡಗಿತು. ಅವರಲ್ಲೊಬ್ಬಳು ಏಳು ತಿಂಗಳ ಬಸುರಿ. ಪೇಂಟಿನ ಡಬ್ಬಿಯಲ್ಲಿ ನೀರು ಗೋರುತ್ತಾ ಹೇಗೋ ದಡ ಸೇರಿದರು. ಮುಂದಿನ ಸಭೆಯಲ್ಲಿ ದೊಡ್ಡ ಚರ್ಚೆ. ಗುಜರಿಗೆ ಕೊಟ್ಟು ಕೈ ತೊಳಕೊಳ್ಳೋಣ ಎಂದರು ಅರ್ಧ ಜನ. ಆಚೆ ದಡದ ಹಿರಿಯ ಸದಸ್ಯರೊಬ್ಬರು ಎದ್ದು, "ಗುಜರಿಗೆ ಕೊಡಿ ಮಾರಾಯ್ರೆ, ಆದ್ರೆ ರಾತ್ರಿ ನಮ್ಗೆ ಹುಷಾರು ತಪ್ಪಿದ್ರೆ ಯಾರ್ನ ಕರೀಬೇಕು ಅಂತ ಅದೇ ನಡಾವಳಿಲಿ ಬರ್ದಿಡಿ" ಎಂದು ಕೂತರು. ದುರಸ್ತಿ ಮಾಡುವುದೆಂದು ತೀರ್ಮಾನವಾಯ್ತು.

ಮೊದಲೆಲ್ಲ ಡಾಂಬರು ಬಳಿದಿದ್ದರು. ತಗಡು ಬಿಸಿಲಿಗೆ ಹಿಗ್ಗಿ ಕುಗ್ಗುವುದರಿಂದ ಅದು ಹಪ್ಪಳದ ಹಾಗೆ ಏಳುತ್ತದೆ. ಹೊನ್ನಾವರದ ಕಡೆಯಿಂದ ಬಂದ ಮೇಸ್ತ್ರಿ ಅದನ್ನೆಲ್ಲ ಕೆರೆಸಿದರು. ಸೋರಿಕೆಯನ್ನು ಹೊರಗಿಂದ ನೋಡಿ ಹುಡುಕಲಾಗದು, ದೋಣಿ ನೀರು ಒಳಗೆ ಎಳೆದುಕೊಳ್ಳುವುದನ್ನು ತಿರುವು ಮಾಡಿ ಹೊರಗೆ ಕಾರಿಸಬೇಕು ಎಂದರು. ದೋಣಿಯನ್ನು ದಡದಲ್ಲಿ ದಿಮ್ಮಿಗಳ ಮೇಲೆ ಕೂರಿಸಿ, ಹೊರಮೈ ಒಣಬಟ್ಟೆಯಲ್ಲಿ ಒರೆಸಿ, ಒಳಗೆ ನಾಲ್ಕು ಇಂಚು ನೀರು ತುಂಬಿಸಿದೆವು. ಅಷ್ಟೇ ಎಂದರೂ ಸುಮಾರು 300 ಲೀಟರು, ಅಂದರೆ 300 ಕೆ.ಜಿ. ತುದಿಗಳಿಗೆ ಮಾತ್ರ ಆಧಾರ ಕೊಟ್ಟರೆ ನಡು ಬಾಗುತ್ತದೆ. ಆದ್ದರಿಂದ ಮಧ್ಯಕ್ಕೂ ದಿಮ್ಮಿ ಬೇಕು. ಆಮೇಲೆ ಕೆಳಗೆ ಅಂಗಾತ ಮಲಗಿ, ಹನಿ ಮೂಡಿದ ಕಡೆಯೆಲ್ಲ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕುವುದು. ತಡ ಮಾಡಿದರೆ ಹನಿ ತಗಡಿನ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕಿ ಮೋಸ ಮಾಡುತ್ತದೆ. ಎಣಿಸಿದಾಗ 23 ಗುರುತು. ಹೆಚ್ಚಿನವು ನಡುಬೆನ್ನಿನ ಗುಂಟ ಇರುವ ರಿವೆಟ್‌ಗಳು, ಬೊಡ್ಡೆಗೆ ತಾಗಿ ಸಡಿಲವಾದವು. ಆದರೆ ಐದು ಗುರುತು ಮಾತ್ರ ರಿವೆಟ್ ಇಲ್ಲದ ಬರೀ ತಗಡಿನಲ್ಲಿ, ಸೂಜಿ ಚುಚ್ಚಿದಂತೆ. ಅದೂ ಮೂಟೆ ಇಡುವ ಜಾಗದಲ್ಲೇ.

ಅಲ್ಲಿ ಒಳಗಡೆ ಹಲಗೆ ಎತ್ತಿ ನೋಡಿದರೆ ನೀಲಿ ಹಸಿರು ಕಲೆ, ಬಿಳಿ ಹುಡಿ. ಮೇಸ್ತ್ರಿಗೆ ಅರ್ಥವಾಗಲಿಲ್ಲ, ಅಡಿಕೆ ಬೆಳೆಗಾರರಾದ ನಮಗೆ ಅರ್ಥವಾಯ್ತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆಂದು ಪ್ರಕಟಿಸಿದ ಬೋರ್ಡೋ ದ್ರಾವಣವನ್ನು ಮೈಸೂರು ಸರ್ಕಾರದ ಡಾ. ಕೋಲ್ಮನ್ ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದುಕೊಟ್ಟರಷ್ಟೆ. ದ್ರಾವಣ ಹದವಾಗಿದೆಯೋ ಎಂದು ನೋಡಲು ನಾವು ಕತ್ತಿ ಅದ್ದುತ್ತೇವೆ. ಸುಣ್ಣ ಕಡಿಮೆಯಾದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣ ಕರಗಿ, ಬದಲಿಗೆ ತಾಮ್ರ ಕೂತದ್ದು ಅದು. ಮೂಟೆಯಿಂದ ಉದುರಿದ ಮೈಲುತುತ್ತ ನೀರು ತಾಗಿ ಅಲ್ಯೂಮಿನಿಯಂ ಮೇಲೂ ಅದೇ ಮಾಡಿತ್ತು. ಕೂತ ತಾಮ್ರ ಸುಮ್ಮನಿರದೆ ಸುತ್ತಲಿನ ತಗಡನ್ನು ತಿನ್ನುತ್ತಾ ಹೋಯ್ತು. ಡಿಫೆಂಡರ್ ಹಡಗಿಗೆ ಸಮುದ್ರದಲ್ಲಿ ಆದದ್ದೇ ನಮ್ಮ ದೋಣಿಗೆ ಮೂಟೆಯಡಿಯಲ್ಲಿ ಆಗಿತ್ತು. ಒದ್ದೆ ಸುಣ್ಣವೂ ಅಲ್ಯೂಮಿನಿಯಮ್ಮಿಗೆ ವಿಷವೇ.

ದುರಸ್ತಿಗೆ ಮೂರು ದಿನ ಹಿಡಿಯಿತು. ಸಡಿಲ ರಿವೆಟ್‌ಗಳ ತಲೆಗೆ ಹೊರಗಿಂದ ಒಬ್ಬರು ಭಾರದ ಕಬ್ಬಿಣ ಒತ್ತಿ ಹಿಡಿದರೆ ಒಳಗಿಂದ ಮತ್ತೊಬ್ಬರು ಸುತ್ತಿಗೆಯಲ್ಲಿ ಮೆಲ್ಲನೆ ಬಡಿದು ಬಿಗಿ ಮಾಡಿದರು. ಕೆಟ್ಟವನ್ನು ಕೊರೆದು ತೆಗೆದು ಹೊಸ ಅಲ್ಯೂಮಿನಿಯಂ ರಿವೆಟ್ ಹಾಕಿದರು. ಅಂಗಡಿಯಲ್ಲಿ ಸಿಗುವ ಸಾದಾ ಪಾಪ್ ರಿವೆಟ್ ನಡುವೆ ತೂತಿರುತ್ತದೆ, ಅಲ್ಲೇ ಮತ್ತೆ ಸೋರುತ್ತದೆ; ತುದಿ ಮುಚ್ಚಿದ್ದನ್ನೇ ತರಿಸಬೇಕು. ಐದು ತೂತಿಗೆ ತೇಪೆ. ವೆಲ್ಡಿಂಗ್ ಮಾಡಿಸೋಣ ಎಂದದ್ದಕ್ಕೆ ಮೇಸ್ತ್ರಿ, "ಇದು ಕಬ್ಬಿಣ ಅಲ್ಲ ಮಾರಾಯ್ರೆ" ಎಂದರು. ಈ ಲೋಹ 660 ಡಿಗ್ರಿಗೇ ಕರಗುತ್ತದೆ, ಮೇಲಿನ ಪೊರೆಗೆ 2000 ಡಿಗ್ರಿ ದಾಟಬೇಕು. ಆರ್ಗಾನ್ ಅನಿಲದ ವೆಲ್ಡಿಂಗ್ ಬೇಕು, ನುರಿತ ಕೈ ಬೇಕು. ತೆಳು ಹಳೆ ತಗಡಿಗೆ ಸಾದಾ ವೆಲ್ಡಿಂಗ್ ಹಿಡಿದರೆ ಸೂಜಿತೂತು ಬಾವಿಯಾಗುತ್ತದೆ. ಆದ್ದರಿಂದ ತಗಡು ಬೆಳ್ಳಗಾಗುವಷ್ಟು ಉಜ್ಜಿ, ಪೊರೆ ಮತ್ತೆ ದಪ್ಪವಾಗುವ ಮೊದಲೇ, ಬಸ್ಸಿನ ಗಾಜು ಕೂರಿಸುವ ಪಾಲಿಯುರೆಥೇನ್ ಅಂಟು ಹಚ್ಚಿ ಅಲ್ಯೂಮಿನಿಯಂ ತೇಪೆ ಕೂರಿಸಿ ರಿವೆಟ್ ಹೊಡೆದರು. ಆ ಅಂಟು ಒಣಗಿದ ಮೇಲೂ ರಬ್ಬರಿನಂತೆ ಬಳುಕುತ್ತದೆ, ಡಾಂಬರಿನಂತೆ ಸಿಡಿಯುವುದಿಲ್ಲ.

ಅಲ್ಲಿಂದೀಚೆಗೆ ಮೈಲುತುತ್ತ ಮತ್ತು ಸುಣ್ಣ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾತ್ರ ದೋಣಿ ಹತ್ತುತ್ತವೆ. ಹಿತ್ತಾಳೆ ಸ್ಕ್ರೂ, ತಾಮ್ರದ ತಂತಿ, ಚಿಲ್ಲರೆ ಕಾಸು ತಳದಲ್ಲಿ ಬಿದ್ದಿರಕೂಡದು. ಪ್ರತಿ ವರ್ಷ ಮಳೆಗೆ ಮುಂಚೆ ನೀರು ತುಂಬಿಸಿ ನೋಡುವುದು ತಪ್ಪಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ದೋಣಿ ಇನ್ನು ಯಾಕೆ ಎಂದು ಕೇಳುವವರಿದ್ದಾರೆ. ಸೇತುವೆ ಇರುವುದು ಒಂದು ಕಡೆ, ಹಿನ್ನೀರಿನ ಕೈಗಳು ನೂರು ಕಡೆ. ಬಲೆಯವರು ಈಗಲೂ ಬೆಳಗಿನ ನಾಲ್ಕಕ್ಕೆ ಬೀಗದ ಕೈ ಕೇಳಿಕೊಂಡು ಬರುತ್ತಾರೆ. ಈ ಸಲದ ಪರೀಕ್ಷೆಯಲ್ಲಿ ಎರಡು ಹೊಸ ಗುರುತು ಸಿಕ್ಕಿದವು, ಎರಡೂ ಹಿಂಬದಿಯ ಮೂಲೆಯವು. ಬಡಿದು ಬಿಗಿ ಮಾಡಿದ್ದೇವೆ.