ಮದುವೆ ಮಾಡಿಸುವವರಿಗೆ ದಕ್ಷಿಣೆ ಎಷ್ಟು? ಪುರೋಹಿತರಿಲ್ಲದೆ ಆದ ಮದುವೆ ಊರ್ಜಿತವೇ?

ಗೋವಿನಕೋವಿಯಂಥ ಊರಿನಲ್ಲಿ ಮದುವೆ ಗೊತ್ತಾದ ಕೂಡಲೇ ಮನೆಯವರು ಖರ್ಚಿನ ಪಟ್ಟಿ ಹಿಡಿದು ಕೂರುತ್ತಾರೆ. ಛತ್ರ, ಅಡುಗೆ, ಶಾಮಿಯಾನ, ವಾಲಗ ಎಲ್ಲದಕ್ಕೂ ದರ ಕೇಳಿ ಚೌಕಾಸಿ ನಡೆಯುತ್ತದೆ. ಆದರೆ ಮದುವೆ ಮಾಡಿಸುವ ಪುರೋಹಿತರಿಗೋ ಅಯ್ಯನವರಿಗೋ ಎಷ್ಟು ಕೊಡಬೇಕು ಎಂದು ಕೇಳಲು ಸಂಕೋಚ. 'ನೋಡಿ ಕೊಡಿ' ಎಂದು ಅವರೂ ಸುಮ್ಮನಾಗುತ್ತಾರೆ. ಕೊನೆಗೆ ಮಂಟಪದಲ್ಲೇ ಇರಿಸುಮುರಿಸು.

ಈ ಗೊಂದಲದ ನಡುವೆ ಹಲವು ಮಾತುಗಳು ಹರಿದಾಡುತ್ತವೆ. ಒಂದೊಂದಾಗಿ ನೋಡೋಣ.

'ದಕ್ಷಿಣೆಗೆ ಸರ್ಕಾರಿ ದರ ಇದೆ'

ತಪ್ಪು. ಮನೆಯಲ್ಲೋ ಛತ್ರದಲ್ಲೋ ನಡೆಯುವ ಮದುವೆಗೆ ಇಷ್ಟೇ ದಕ್ಷಿಣೆ ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಎರಡೂ ಕಡೆಯವರು ಮಾತಾಡಿಕೊಳ್ಳುವ ವಿಷಯ. ದೇವಸ್ಥಾನದಲ್ಲಿ ಮದುವೆಯಾದರೆ ಮಾತ್ರ ಅಲ್ಲಿನ ದರಪಟ್ಟಿಯಂತೆ ಹಣ ಕಟ್ಟಿ ರಸೀದಿ ಪಡೆಯಬೇಕು.

'ಊರ ಪುರೋಹಿತರನ್ನೇ ಕರೆಯಬೇಕು, ಬೇರೆಯವರನ್ನು ಕರೆದರೂ ಅವರ ಪಾಲು ಕೊಡಬೇಕು'

ಇದು ಒಂದು ಕಾಲದಲ್ಲಿ ನಿಜವಾಗಿತ್ತು. ಹೊನ್ನಾಳಿಗೆ ಹತ್ತಿರದ ರಾಣೆಬೆನ್ನೂರು ಸೀಮೆ ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯಲ್ಲಿ, ಅಂದರೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ ವಂಶಪಾರಂಪರ್ಯ ಹಕ್ಕಿದ್ದ ಊರ ಜೋಶಿಯರು, ಬೇರೆಯವರಿಂದ ಮದುವೆ ಮಾಡಿಸಿದವರ ಮೇಲೂ ಕೋರ್ಟಿಗೆ ಹೋಗಿ ದಕ್ಷಿಣೆ ವಸೂಲಿ ಮಾಡಬಹುದಿತ್ತು. 1926ರಲ್ಲಿ ಅಲ್ಲಿ ಬಂದ ಕಾಯ್ದೆ ಈ ಹಕ್ಕನ್ನು ರದ್ದು ಮಾಡಿತು. ಇಂದು ಯಾರನ್ನು ಕರೆಯಬೇಕು ಎಂಬುದು ನಿಮ್ಮ ಇಷ್ಟ.

'ದಕ್ಷಿಣೆಗೂ ಜಿಎಸ್‌ಟಿ ಕಟ್ಟಬೇಕು'

ತಪ್ಪು. ಧಾರ್ಮಿಕ ವಿಧಿ ನಡೆಸಿಕೊಡುವ ಸೇವೆಗೆ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದಲೇ ವಿನಾಯಿತಿ ಇದೆ. ಅಲಂಕಾರ, ಅಡುಗೆ ಗುತ್ತಿಗೆಯಂಥ ಸೇವೆಗಳ ಲೆಕ್ಕ ಬೇರೆ.

ಹಾಗಾದರೆ ಮೊತ್ತ ಏಕೆ ಒಂದೊಂದು ಕಡೆ ಒಂದೊಂದು?

ಕಾರಣ ಸರಳ. ಬರೀ ಮುಹೂರ್ತದ ಶಾಸ್ತ್ರವೋ, ಚಪ್ಪರದಿಂದ ಶುರುವಾಗಿ ಎರಡು ದಿನದ ಕೆಲಸವೋ? ಒಬ್ಬರೇ ಬರುತ್ತಾರೋ, ಜೊತೆಗೆ ಸಹಾಯಕರೂ ಇದ್ದಾರೋ? ಓಡಾಟದ ಖರ್ಚು ಯಾರದು? ಪೂಜೆ ಸಾಮಾನು ಯಾರು ತರುತ್ತಾರೆ? ಇದಕ್ಕೆ ತಕ್ಕಂತೆ ಮೊತ್ತ ಏರುತ್ತದೆ, ಇಳಿಯುತ್ತದೆ.

ಮುಹೂರ್ತದ ನೂಕುನುಗ್ಗಲೂ ಒಂದು ಕಾರಣ. ಆಷಾಢ, ಪಿತೃಪಕ್ಷ, ಧನುರ್ಮಾಸಗಳನ್ನು ಹೆಚ್ಚಿನವರು ಬಿಡುತ್ತಾರೆ. ಗುರು ಅಥವಾ ಶುಕ್ರ 'ಅಸ್ತ' ಎಂದು ಇನ್ನಷ್ಟು ದಿನ ಹೋಗುತ್ತವೆ. ಅಸ್ತ ಎಂದರೆ ಆ ಗ್ರಹ ಆಕಾಶದಲ್ಲಿ ಸೂರ್ಯನ ದಿಕ್ಕಿಗೆ ಬಂದು ಅವನ ಬೆಳಕಿನಲ್ಲಿ ಕಾಣದಂತಾಗುವುದು, ಅಷ್ಟೇ. ಗ್ರಹಕ್ಕೂ ಏನೂ ಆಗುವುದಿಲ್ಲ, ದಂಪತಿಗೂ ಏನೂ ಆಗುವುದಿಲ್ಲ. ಆದರೆ ಉಳಿದ ಕೆಲವೇ ದಿನಗಳಿಗೆ ಎಲ್ಲರೂ ಮುಗಿಬಿದ್ದಾಗ ಛತ್ರದ ಬಾಡಿಗೆಯಂತೆ ದಕ್ಷಿಣೆಯೂ ಏರುತ್ತದೆ.

'ಪುರೋಹಿತರಿಲ್ಲದಿದ್ದರೆ ಮದುವೆ ಅಸಿಂಧು'

ಅರ್ಧ ಸತ್ಯವೂ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತರಿಗೂ ಅನ್ವಯಿಸುತ್ತದೆ. ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರದಂತೆ ಮದುವೆ ನಡೆಯಬೇಕು ಎನ್ನುತ್ತದೆ ಅದರ 7ನೇ ಕಲಂ. ಇಂಥವರೇ ನಡೆಸಿಕೊಡಬೇಕು ಎಂದು ಹೇಳುವುದಿಲ್ಲ. ಸಪ್ತಪದಿ ಕೂಡ ಆ ರೂಢಿ ಇರುವವರಿಗೆ ಮಾತ್ರ ಕಡ್ಡಾಯ. ಮುಸ್ಲಿಮರ ನಿಕಾಹ್‌ಗೂ ಕಾಜಿ ಇರಲೇಬೇಕೆಂದಿಲ್ಲ ಎಂದು 1880ರ ಕಾಜಿಗಳ ಕಾಯ್ದೆಯೇ ಹೇಳುತ್ತದೆ.

ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದಲ್ಲಿ ಪುರೋಹಿತರೂ ಇಲ್ಲ, ದಕ್ಷಿಣೆಯೂ ಇಲ್ಲ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಹೀಗೇ ಮಾಡಿದರು. ಆದರೆ ಒಂದು ಎಚ್ಚರ: ತಮಿಳುನಾಡಿನಲ್ಲಿ ಇಂಥ ಸರಳ ಮದುವೆಗೆಂದೇ 7ಎ ಎಂಬ ಪ್ರತ್ಯೇಕ ಕಲಂ ಇದೆ, ಕರ್ನಾಟಕದಲ್ಲಿ ಇಲ್ಲ. ಹಾಗಾಗಿ ಮಂತ್ರ ಮಾಂಗಲ್ಯವಾದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಂಡರೆ ಮುಂದೆ ತಕರಾರಿಗೆ ಆಸ್ಪದವಿಲ್ಲ. ಇದಕ್ಕೆ 30 ದಿನದ ನೋಟಿಸ್ ಅವಧಿ ಮತ್ತು ಮೂವರು ಸಾಕ್ಷಿಗಳು ಬೇಕು.

'ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಂಡರೆ ಸಾಕು'

ಇದೇ ಎಲ್ಲಕ್ಕಿಂತ ಅಪಾಯದ ಮಾತು. ಶಾಸ್ತ್ರವನ್ನೇ ಮಾಡದೆ, ಒಂದು ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ನೋಂದಣಿಯನ್ನೂ ಮಾಡಿಸಿಕೊಂಡಿದ್ದ ಜೋಡಿಯೊಂದರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದು ಹಿಂದೂ ವಿವಾಹವೇ ಅಲ್ಲ ಎಂದು 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ನೋಂದಣಿ ಎಂಬುದು ನಡೆದ ಮದುವೆಗೆ ಪುರಾವೆ. ನಡೆಯದ ಮದುವೆಯನ್ನು ಅದು ಹುಟ್ಟಿಸುವುದಿಲ್ಲ. ಪಿಂಚಣಿ, ಆಸ್ತಿ, ಜೀವನಾಂಶದ ಪ್ರಶ್ನೆ ಬಂದಾಗ ಇಂಥ ಕಾಗದ ನಂಬಿದ ಹೆಣ್ಣುಮಗಳೇ ಹೆಚ್ಚು ಕಷ್ಟಕ್ಕೆ ಸಿಕ್ಕಿಬೀಳುತ್ತಾಳೆ.

ವಯಸ್ಸಿನ ದಾಖಲೆ ಕೇಳಿದರೆ ಬೇಸರ ಬೇಡ

ವಧುವಿಗೆ 18, ವರನಿಗೆ 21 ತುಂಬಿರಲೇಬೇಕು. ಬಾಲ್ಯವಿವಾಹ ಮಾಡಿಸಿದವರಿಗೆ 2006ರ ಕಾಯ್ದೆಯಡಿ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕೇ ಪುರೋಹಿತರು ಶಾಲೆಯ ದಾಖಲೆ ಕೇಳುವುದು. 'ಸ್ವಲ್ಪ ಹೆಚ್ಚಿಗೆ ಕೊಡಿ, ವಯಸ್ಸು ನೋಡಲ್ಲ' ಎನ್ನುವವರು ಸಿಕ್ಕರೆ 1098ಕ್ಕೆ ಕರೆ ಮಾಡಿ.

ಕೈ ಬಿಗಿಯಿದ್ದರೆ ಸಾಲ ಬೇಡ

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಮುಜರಾಯಿ ಇಲಾಖೆ ರೂಪಿಸಿದ ಸಪ್ತಪದಿ ಯೋಜನೆಯಲ್ಲಿ ಒಂದು ಜೋಡಿಗೆ 55 ಸಾವಿರ ರೂಪಾಯಿ ಲೆಕ್ಕ ಹಾಕಿದ್ದರು: ವರನಿಗೆ 5 ಸಾವಿರ, ವಧುವಿಗೆ 10 ಸಾವಿರ, 8 ಗ್ರಾಂ ಚಿನ್ನದ ತಾಳಿಗೆ 40 ಸಾವಿರ. ಇಂಥ ಕಡೆ ಪುರೋಹಿತರ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಈಗ ಎಲ್ಲಿ, ಯಾವಾಗ ಎಂದು ಹತ್ತಿರದ ಮುಜರಾಯಿ ದೇವಸ್ಥಾನದಲ್ಲಿ ವಿಚಾರಿಸಿ.

ಮೊದಲೇ ಕೇಳಿಕೊಳ್ಳಿ

ದಕ್ಷಿಣೆ ಒಟ್ಟು ಎಷ್ಟು, ಅದರಲ್ಲಿ ಸಹಾಯಕರದೂ ಸೇರಿದೆಯೇ, ಸಾಮಾನು ಯಾರದು, ಬಸ್ಸು-ಕಾರಿನ ಖರ್ಚು ಬೇರೆಯೇ, ಅದೇ ದಿನ ಬೇರೆ ಮದುವೆಯನ್ನೂ ಒಪ್ಪಿಕೊಂಡಿದ್ದಾರೆಯೇ? ಈ ಐದು ಪ್ರಶ್ನೆ ಅವಮಾನವಲ್ಲ. ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಸಿಗುವ ಅವರಿಗೂ ಬಾಯಿಬಿಟ್ಟು ಮಾತಾಡಿದರೇ ಅನುಕೂಲ.

ಧಾರೆಯ ಫೋಟೊ, ಲಗ್ನಪತ್ರಿಕೆ ತೆಗೆದಿಟ್ಟುಕೊಂಡು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಣಿ ಮಾಡಿಸಿ. ದಕ್ಷಿಣೆ ಹೆಚ್ಚು ಕೊಟ್ಟರೆ ಮದುವೆ ಗಟ್ಟಿಯಾಗುವುದಿಲ್ಲ. ಶಾಸ್ತ್ರ ಮತ್ತು ದಾಖಲೆ ಎರಡೂ ಸರಿಯಿದ್ದರೆ ಆಗುತ್ತದೆ. ಮುಂದಿನ ಸಲ ಫ್ಯಾಮಿಲಿ ಗ್ರೂಪಿನಲ್ಲಿ ಈ ಮಾತು ಬಂದರೆ ಇದನ್ನೇ ಕಳಿಸಿ.