ಒಗ್ಗರಣೆ ಡಬ್ಬಿ ಕಥೆಗಳು – 6: ದೊಡ್ಡಪ್ಪನ ಮೆಂತ್ಯ, ಜರ್ಮನಿಯ ಮೆಂತ್ಯ

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ದೊಡ್ಡಪ್ಪ ಬಟ್ಟಲು ತುಂಬಾ ಮೊಳಕೆ ಬರಿಸಿದ ಮೆಂತ್ಯ ತೋರಿಸಿದ್ರು. "ಶುಗರ್‌ಗೆ ಒಳ್ಳೇದಮ್ಮ, ದಿನಾ ಬೆಳಿಗ್ಗೆ ಹಸಿಯಾಗೇ ತಿಂತೀನಿ" ಅಂದ್ರು. ಆಗ ನಾನೇನೂ ಹೇಳಲಿಲ್ಲ. ಈ ವಾರದ ಕಥೆ ಅದಕ್ಕೇ.

ದೋಸೆ ಹಿಟ್ಟಿಗೊಂದು ಚಮಚ, ಗೊಜ್ಜು, ತಂಬುಳಿ, ಬಾಣಂತಿಗೆ ಉಂಡೆ... ಮೆಂತ್ಯ ಅಂದ್ರೆ ನಮ್ಮದೇ ಅಂದ್ಕೊಂಡಿದ್ದೆ. ಈಜಿಪ್ಟಿನ ತೂತನ್‌ಖಾಮನ್ ಗೋರಿಯಲ್ಲೂ ಮೆಂತ್ಯದ ಕಾಳು ಸಿಕ್ಕಿದೆ, ಸುಮಾರು 3,300 ವರ್ಷ ಹಳೇದು. ರೋಮನ್ನರಿಗೆ ಇದು ದನದ ಮೇವು; ಲ್ಯಾಟಿನ್ ಹೆಸರಿನ ಅರ್ಥವೇ 'ಗ್ರೀಕ್ ಹುಲ್ಲು'. ಕ್ರಿ.ಶ. 67ರಲ್ಲಿ ರೋಮನ್ ಸೈನ್ಯ ಯೋಟಪಟ ಊರಿಗೆ ಮುತ್ತಿಗೆ ಹಾಕಿದಾಗ, ಒಳಗಿದ್ದ ಯಹೂದಿಗಳು ಬೇಯಿಸಿದ ಮೆಂತ್ಯವನ್ನ ಹತ್ತೋ ಹಲಗೆ ಮೇಲೆ ಸುರಿದು ಸೈನಿಕರನ್ನ ಜಾರಿ ಬೀಳಿಸಿದ್ರಂತೆ. ಅಲ್ಲಿ ದಂಡನಾಯಕನಾಗಿದ್ದ ಜೋಸೀಫಸ್‌ನೇ ಬರೆದಿಟ್ಟಿದ್ದು. ಮೆಂತ್ಯ ರುಬ್ಬಿ ತಲೆಗೆ ಹಚ್ಚಿಕೊಂಡವರಿಗೆ ಆ ಲೋಳೆ ಚೆನ್ನಾಗಿ ಗೊತ್ತು! ಅದೇ ಲೋಳೆಯ ನಾರು ಊಟದ ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಹಾಗಾಗಿ ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. ನನ್ನ ತಕರಾರು ಹಸಿ ಮೊಳಕೆ ಬಗ್ಗೆ ಮಾತ್ರ.

2011ರ ಮೇ ತಿಂಗಳು. ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ. ನಮ್ಮ ವಾರ್ಡಿನ ಹಿರಿಯ ನರ್ಸ್‌ಗಳು ಆ ವಾರಗಳ ಮಾತು ಬಂದ್ರೆ ಈಗಲೂ ಕಾಫಿ ಲೋಟ ಕೆಳಗಿಡ್ತಾರೆ. ಹ್ಯಾಂಬರ್ಗ್ ಸುತ್ತಮುತ್ತ ರಕ್ತಭೇದಿ ಶುರುವಾಗಿ, ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡ್ತಿತ್ತು. ಸಾಮಾನ್ಯವಾಗಿ ಚಿಕ್ಕ ಮಕ್ಕಳನ್ನ ಕಾಡೋ ತೊಂದರೆ ಇದು. ಈ ಸಲ ಬಿದ್ದವರು ಹೆಚ್ಚಾಗಿ ದೊಡ್ಡ ಹೆಂಗಸರು, ನಿನ್ನೆವರೆಗೆ ಗಟ್ಟಿಮುಟ್ಟಾಗಿದ್ದವರು. ಕಾರಣ ಇ. ಕೋಲೈ ಅನ್ನೋ ರೋಗಾಣುವಿನ ಒಂದು ಕೆಟ್ಟ ತಳಿ. ಅದು ಬಂದಿದ್ದೆಲ್ಲಿಂದ? ಮೊದಲು ಸ್ಪೇನಿನ ಸೌತೆಕಾಯಿ ಅಂದ್ರು. ಪಾಪ, ಅಲ್ಲಿನ ರೈತರು ಬೆಳೆದದ್ದನ್ನ ತಿಪ್ಪೆಗೆ ಸುರಿದ್ರು. ಸೌತೆಕಾಯಿಯದ್ದು ಏನೂ ತಪ್ಪಿರಲಿಲ್ಲ.

ರೋಗಿಗಳಿಗೆ ಮೊಳಕೆ ತಿಂದ ನೆನಪೇ ಇರಲಿಲ್ಲ. ಸಲಾಡ್ ಮೇಲೆ ನಾಲ್ಕು ಎಳೆ ಉದುರಿಸಿದ್ದು ಯಾರಿಗೆ ನೆನಪಿರುತ್ತೆ ಹೇಳಿ? ಕೊನೆಗೆ ತನಿಖೆಯವರು ಒಂದು ಹೋಟೆಲಿನ ಅಡುಗೆಯವರನ್ನೇ ಹಿಡಿದು, ಯಾವ ಐಟಂಗೆ ಏನೇನು ಹಾಕ್ತೀರಿ ಅಂತ ಕೇಳಿದ್ರು. ಜೂನ್ 10ಕ್ಕೆ ಮೊಳಕೆ ಕಾಳೇ ಕಾರಣ ಅಂತ ಪ್ರಕಟಿಸಿದ್ರು. ಅದೇ ತಿಂಗಳು ಫ್ರಾನ್ಸಿನ ಬೋರ್ಡೋ ಹತ್ತಿರವೂ ಜನ ಮಲಗಿದ್ರು. ಎರಡೂ ಕಡೆಯ ಜಾಡು ಹೋಗಿ ಸೇರಿದ್ದು ಈಜಿಪ್ಟಿನಿಂದ ಬಂದ ಒಂದೇ ಲಾಟ್ ಮೆಂತ್ಯಕ್ಕೆ. ಅಷ್ಟರಲ್ಲಿ ಜರ್ಮನಿಯಲ್ಲಿ ಸುಮಾರು 3,800 ಜನ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಜನ ತೀರಿಕೊಂಡಿದ್ರು. ವಿಚಿತ್ರ ಏನಂದ್ರೆ, ಪರೀಕ್ಷೆ ಮಾಡಿದ ಕಾಳಿನಲ್ಲಿ ಆ ರೋಗಾಣು ಸಿಗಲೇ ಇಲ್ಲ.

ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ರೋಗಾಣುವಿಗೂ ಬೇಕು. ಬಟ್ಟೆ ಕಟ್ಟಿಟ್ಟ ಎರಡು ದಿನದಲ್ಲಿ ನಾಲ್ಕಿದ್ದದ್ದು ಲಕ್ಷವಾಗುತ್ತೆ, ತೊಳೆದ್ರೆ ಪೂರ್ತಿ ಹೋಗಲ್ಲ. ಬೇಯಿಸಿದ್ರೆ ಸಾಯುತ್ತೆ.

ದೊಡ್ಡಪ್ಪ, ಮೆಂತ್ಯ ಬಿಡಿ ಅಂತಿಲ್ಲ. ಮೊಳಕೆನ ಚೆನ್ನಾಗಿ ಬೇಯಿಸಿ ಪಲ್ಯ ಮಾಡಿಸ್ಕೊಳ್ಳಿ. ಮಾತ್ರೆಯೂ ಮೆಂತ್ಯವೂ ಸೇರಿ ಶುಗರ್ ತೀರಾ ಇಳಿಯಬಹುದು, ಹಾಗಾಗಿ ಡಾಕ್ಟರ್‌ಗೂ ಒಂದು ಮಾತು ಹೇಳಿ. ದೊಡ್ಡಮ್ಮ, ಇದನ್ನ ಅವರಿಗೆ ಜೋರಾಗಿ ಓದಿ ಹೇಳಿ, ಕನ್ನಡಕ ಸಿಗ್ತಿಲ್ಲ ಅಂತ ತಪ್ಪಿಸ್ಕೋತಾರೆ.